ಬಂಡೆ ಕೊರೆಯುವ ಗುಂಡುಕಲ್ಲು

ಗುಂಡ್ಲುಪೇಟೆಯ ಗುಂಡ್ಲು ಹೊಳೆ ಹುಟ್ಟುವುದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ. ನಂಜನಗೂಡಿನ ಬಳಿ ಕಪಿಲೆಯನ್ನು, ಅಂದರೆ ಕಬಿನಿಯನ್ನು ಸೇರಿ, ತಿರುಮಕೂಡಲಿನಲ್ಲಿ ಕಾವೇರಿಯೊಳಗೆ ಬೆರೆಯುತ್ತದೆ. ಚಾಮರಾಜನಗರದ ಸುವರ್ಣಾವತಿ ಯಳಂದೂರನ್ನು ಹಾದು ಕೊಳ್ಳೇಗಾಲದ ಕಡೆ ಅದೇ ಕಾವೇರಿಯನ್ನು ಕೂಡುತ್ತದೆ. ಗುಂಡ್ಲುಪೇಟೆ, ಚಾಮರಾಜನಗರಗಳ ಹೊಲ, ಗುಡ್ಡಗಳಿಂದ ಮಳೆ ತೊಳೆದುಕೊಂಡು ಹೋದ ಮರಳು ಸಾವಿರಾರು ವರ್ಷ ಹೀಗೇ ಸಾಗಿ ಶಿವನಸಮುದ್ರದ ದ್ವೀಪದ ತಲೆಗೆ ಬಡಿದಿದೆ. ಅಲ್ಲಿ ಅದಕ್ಕೊಂದು ಕೆಲಸ ಕಾದಿರುತ್ತದೆ.

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗುತ್ತದೆ. ಎಡಗವಲು ಗಗನಚುಕ್ಕಿಯಾಗಿ, ಬಲಗವಲು ಭರಚುಕ್ಕಿಯಾಗಿ ಧುಮುಕುತ್ತದೆ. ನಡುವಿನ ನೆಲವೇ ಮಧ್ಯರಂಗನ ದ್ವೀಪ. ಈ ಇಳಿಜಾರಿನ ಬಲದಿಂದಲೇ 1902ರಲ್ಲಿ ಇಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಸುತ್ತಲಿನ ಊರಿನವರು ಆ ವಿದ್ಯುತ್ ಕೇಂದ್ರವನ್ನು ಇವತ್ತಿಗೂ ಬ್ಲಫ್ ಎನ್ನುತ್ತಾರೆ. ಆದರೆ ಮನುಷ್ಯರು ಯಂತ್ರ ಕೂರಿಸುವ ಎಷ್ಟೋ ಕಾಲ ಮೊದಲೇ ನದಿ ತನ್ನ ಯಂತ್ರಗಳನ್ನು ಬಂಡೆಯ ಮೈಮೇಲೆ ಹೂಡಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ದುಂಡನೆಯ, ನುಣುಪು ಗೋಡೆಯ ಗುಂಡಿಗಳೇ ಆ ಯಂತ್ರಗಳು.

ಇವು ಕೆಲಸ ಮಾಡುವ ಬಗೆ ಒರಳನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಬಂಡೆಯಲ್ಲಿ ಎರಡು ಬಿರುಕು ಕೂಡುವ ಕಡೆ ಸಣ್ಣದೊಂದು ತಗ್ಗು ಇದ್ದರೆ, ಪ್ರವಾಹದ ನೀರು ಅಲ್ಲಿ ಸುಳಿಯಾಗಿ ತಿರುಗುತ್ತದೆ. ಸುಳಿಗೆ ಸಿಕ್ಕಿದ ಕಲ್ಲು ಹೊರಬರಲಾರದೆ ತಳದಲ್ಲಿ ಸುತ್ತತೊಡಗುತ್ತದೆ. ರುಬ್ಬುಗುಂಡಿನಂತೆ ತಳವನ್ನು ಅರೆಯುವುದು ಅದೇ. ನೀರಿನಲ್ಲಿ ತೇಲುತ್ತಾ ಸುತ್ತುವ ಮರಳು ಗೋಡೆಯನ್ನು ಉಜ್ಜುತ್ತದೆ. ನೀರೊಂದೇ ಆಗಿದ್ದರೆ ಗಟ್ಟಿ ಬಂಡೆಗೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಹರಿತವೆಲ್ಲ ಇರುವುದು ಅದು ಹೊತ್ತು ತರುವ ಬೆಣಚುಕಲ್ಲಿನ ಕಣದಲ್ಲಿ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಇಲ್ಲಿನ ಬಂಡೆಯಲ್ಲಿ ಹೇರಳವಾಗಿರುವ ಫೆಲ್ಡ್‌ಸ್ಪಾರ್‌ಗೆ 6, ಕಾಗೆಬಂಗಾರಕ್ಕೆ ಹೆಚ್ಚೆಂದರೆ 3. ಬಂಡೆ ಎಲ್ಲಿ ಸೋಲುತ್ತದೆ ಎಂಬುದು ಈ ಅಂಕಿಗಳಲ್ಲೇ ಇದೆ.

ಎಷ್ಟು ಕಲ್ಲು ಬೇಕು? ಲಿಯೊನಾರ್ಡ್ ಸ್ಕ್ಲಾರ್ ಮತ್ತು ವಿಲಿಯಂ ಡೀಟ್ರಿಚ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಇದನ್ನೇ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ನೀರು ತುಂಬಿದ ಪಾತ್ರೆಯ ತಳಕ್ಕೆ ಬಂಡೆಯ ಬಿಲ್ಲೆ ಕೂರಿಸಿ, ಮೇಲೆ ಜಲ್ಲಿ ಹಾಕಿ, ನೀರನ್ನು ತಿರುಗಿಸಿದರು. ಜಲ್ಲಿ ತೀರಾ ಕಡಿಮೆಯಿದ್ದಾಗ ಬಂಡೆ ಹೆಚ್ಚು ಸವೆಯಲಿಲ್ಲ. ತೀರಾ ಹೆಚ್ಚಾದಾಗಲೂ ಅಷ್ಟೇ, ಏಕೆಂದರೆ ಜಲ್ಲಿಯೇ ತಳವನ್ನು ಮುಚ್ಚಿ ಕಾಪಾಡಿತು. ಸವೆತ ಅತಿ ಹೆಚ್ಚಾದದ್ದು ಹದವಾದ ಪ್ರಮಾಣದಲ್ಲಿ. ಅಂದರೆ ಗುಂಡಿಯೊಳಗಿನ ಕೆಲವೇ ಕಲ್ಲುಗಳ ಮೇಲೆ ತಳ ಅರೆಯುವ ಕೆಲಸ ನಿಂತಿರುತ್ತದೆ.

ಕಲ್ಲು ಆರಿಸಿ ಜೇಬಿಗೆ ಹಾಕಿಕೊಳ್ಳುವುದನ್ನು ನಾನು ವಿರೋಧಿಸುವುದು ಇದೇ ಕಾರಣಕ್ಕೆ. ಮೊಟ್ಟೆಯಂತೆ ನುಣುಪಾದ ಆ ಕಲ್ಲೇ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಅದನ್ನು ತೆಗೆದರೆ ಯಂತ್ರದ ಹಲ್ಲು ಕಿತ್ತಂತೆ. ಮುಂದಿನ ಪ್ರವಾಹ ಇನ್ನೊಂದನ್ನು ತಂದು ಹಾಕೀತು ಎನ್ನಬಹುದು. ಆದರೆ ಮೇಲ್ದಂಡೆಯಲ್ಲಿ ಈಗ ಕನ್ನಂಬಾಡಿ ಅಣೆಕಟ್ಟು ಇದೆ, ಕಬಿನಿ ಅಣೆಕಟ್ಟು ಇದೆ, ಸುವರ್ಣಾವತಿ ಜಲಾಶಯವೂ ಇದೆ. ದಪ್ಪ ಕಲ್ಲು, ಒರಟು ಮರಳು ಅಣೆಕಟ್ಟಿನ ಹಿಂದೆಯೇ ಕೂತುಬಿಡುತ್ತವೆ. ಹಳೆಯ ಕಾವೇರಿಗೆ ಸಿಗುತ್ತಿದ್ದಷ್ಟು ಉಪಕರಣ ಇಂದಿನ ಕಾವೇರಿಗೆ ಸಿಗುವುದಿಲ್ಲ.

ಕಾನೂನಿನ ಮಾತೂ ಇದೆ. ಜಲಪಾತದ ಕೆಳಗೆ ನದಿ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ಕಾಡು ಹೊಗುತ್ತದೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಕಾಡಿನ ಮೇಲ್ಮಣ್ಣು, ಕಲ್ಲು, ಖನಿಜಗಳೂ ಅರಣ್ಯ ಉತ್ಪನ್ನವೇ. ಧಾಮದಿಂದ ಅವನ್ನು ಅನುಮತಿಯಿಲ್ಲದೆ ಹೊರತರುವುದನ್ನು 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ.

ಹಾಗಾದರೆ ನೋಡುವುದೇನು? ಬೇಕಾದಷ್ಟಿದೆ. ಮೊದಲು ಬಂಡೆಯ ಪಟ್ಟೆಗಳನ್ನು ನೋಡಿ. ಬಿಳಿಪಟ್ಟೆ, ಕರಿಪಟ್ಟೆ ಹೆಣೆದುಕೊಂಡ ಇಂಥ ಶಿಲೆಗೆ ನೈಸ್ ಎನ್ನುತ್ತಾರೆ. ದಕ್ಷಿಣ ಕರ್ನಾಟಕದ ಬಹುಭಾಗದ ಅಡಿಪಾಯವೇ ಅದು, ವಯಸ್ಸು 250ರಿಂದ 340 ಕೋಟಿ ವರ್ಷ. ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟದಲ್ಲಿ, ಇನ್ನೂ ಹೆಚ್ಚಿನ ಕಾವಿನಲ್ಲಿ ಬೆಂದ, ಎಣ್ಣೆ ಸವರಿದಂತೆ ಹೊಳೆಯುವ ಚಾರ್ನೊಕೈಟ್ ಇದೆ. ಭೂತಗನ್ನಡಿ ಇದ್ದರೆ ಫೆಲ್ಡ್‌ಸ್ಪಾರ್‌ನ ಚಪ್ಪಟೆ ಮುಖ ಬಿಸಿಲಿಗೆ ಮಿನುಗುವುದು ಕಾಣುತ್ತದೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆ ಸಿಗುತ್ತದೆ. ಪಟ್ಟೆ ಯಾವ ದಿಕ್ಕಿಗೆ ಓಡುತ್ತಿದೆ ಎಂದು ಬರೆದುಕೊಳ್ಳಿ. ಮನೆಗೆ ಒಯ್ದ ಕಲ್ಲಿನಲ್ಲಿ ಈ ದಿಕ್ಕು ಉಳಿಯುವುದಿಲ್ಲ.

ದಯವಿಟ್ಟು ನೀರಿಗೆ ಇಳಿಯಬೇಡಿ. ಮೇಲಿನಿಂದ ನೀರು ಬಿಟ್ಟರೆ ಒಣಬಂಡೆ ನೋಡನೋಡುತ್ತಲೇ ಮುಳುಗುತ್ತದೆ. ಭರಚುಕ್ಕಿಯ ವೀಕ್ಷಣೆಯ ಜಾಗದಿಂದಲೇ ನದಿ ಬಿರುಕು ಹಿಡಿದು ಹಲವು ಸೀಳಾಗಿ ಬೀಳುವುದು ಸ್ಪಷ್ಟವಾಗಿ ಕಾಣುತ್ತದೆ.

ನದಿ ಧುಮುಕುವ ಇಷ್ಟು ಎತ್ತರದ ಮೆಟ್ಟಿಲು ಇಲ್ಲೇ ಏಕೆ ಎಂಬ ಪ್ರಶ್ನೆಗೆ ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ ನೆಲದ ಚಲನೆಯಲ್ಲಿ ಉತ್ತರ ಹುಡುಕಿದರು. ಹಳೆಯ ಸ್ತರಭಂಗಗಳು ಮತ್ತೆ ಮಿಸುಕಿ ನೆಲ ಮೇಲೆದ್ದು, ಕಾವೇರಿ ಕಣಿವೆಯಲ್ಲಿ ನೀರು ಕಟ್ಟಿಕೊಂಡು ಒಂದು ಕಾಲಕ್ಕೆ ದೊಡ್ಡ ಸರೋವರಗಳಾಗಿದ್ದವು ಎಂದು 2000ದಲ್ಲಿ ವಾದಿಸಿದರು. ಎದ್ದ ನೆಲವನ್ನು ನದಿ ಕತ್ತರಿಸಲೇಬೇಕು, ಕತ್ತರಿಸುವ ಸಾಧನಗಳಲ್ಲಿ ಈ ಗುಂಡಿಗಳೂ ಒಂದು. ಅಕ್ಕಪಕ್ಕದ ಎರಡು ಗುಂಡಿಗಳು ಅಗಲವಾಗುತ್ತಾ ಹೋಗಿ ನಡುವಿನ ಗೋಡೆ ತೆಳುವಾಗಿ ಒಡೆಯುತ್ತದೆ, ಸಾಲುಗುಂಡಿ ಕಾಲುವೆಯಾಗುತ್ತದೆ. ಕೆಳಗೆ ಮೇಕೆದಾಟುವಿನಲ್ಲಿ ಈ ಕೆಲಸ ಬಹಳ ಮುಂದೆ ಹೋಗಿದೆ: ಕಾವೇರಿ ಇಕ್ಕಟ್ಟಾದ ಕೊರಕಲಿನಲ್ಲಿ ನುಗ್ಗುತ್ತದೆ, ಎರಡೂ ಬದಿಯ ಬಂಡೆಗಳಲ್ಲಿ ಅರ್ಧ ಸೀಳಿದ ಗುಂಡಿಗಳ ಬಾಗು ಗೋಡೆಗಳು ಇನ್ನೂ ಉಳಿದಿವೆ.