ದನ ಸತ್ತರೂ ಬಾರದ ರಣಹದ್ದು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮನೆ ಅಂದ್ರೆ ಪಕ್ಕದಲ್ಲಿ ಕೊಟ್ಟಿಗೆ. ದನ ಮುದಿಯಾಗಿ ಸಾಯುತ್ತದೆ, ರೋಗ ಬಂದು ಸಾಯುತ್ತದೆ, ಬೆಟ್ಟಕ್ಕೆ ಮೇಯಲು ಹೋದದ್ದನ್ನು ಒಮ್ಮೊಮ್ಮೆ ಹುಲಿಯೂ ಹಿಡಿಯುತ್ತದೆ. ಈಗ ದನ ಸತ್ತರೆ ಗುಂಡಿ ತೋಡಿ ಹುಗಿಯುತ್ತೇವೆ. ಹಿಂದೆ ಊರಾಚೆ ಬೇಣದಲ್ಲಿ ಹಾಕಿ ಬಂದರೆ ಮುಗೀತು, ಉಳಿದ ಕೆಲಸ ರಣಹದ್ದಿನದು.

ನಮ್ಮ ಅಜ್ಜ ಹೇಳುವಂತೆ ಹೆಣಕ್ಕೆ ಮೊದಲು ಬರುವುದು ಕಾಗೆ. ಆಮೇಲೆ ಆಕಾಶದಲ್ಲಿ ಒಂದು ಚುಕ್ಕೆ, ಸ್ವಲ್ಪ ಹೊತ್ತಿಗೆ ಹತ್ತು. ಸಂಜೆ ದನ ಮನೆಗೆ ಬಾರದಿದ್ದರೆ ಮಾರನೇ ದಿನ ಹುಡುಕಲು ಹೋದವರು ಮೊದಲು ಮೇಲೆ ನೋಡುತ್ತಿದ್ದರಂತೆ. ರಣಹದ್ದು ಸುತ್ತುತ್ತಿದ್ದರೆ ಕೆಳಗೆ ದನ ಬಿದ್ದಿದೆ ಅಂತ ಲೆಕ್ಕ. ಲೆಕ್ಕ ಸರಿಯೇ. ನಮ್ಮ ದೇಶದ ರಣಹದ್ದು ಹೆಣ ಹುಡುಕುವುದು ಮೂಗಿನಿಂದಲ್ಲ, ಕಣ್ಣಿನಿಂದ. ಒಂದು ಇಳಿದದ್ದನ್ನು ದೂರದ ಇನ್ನೊಂದು ನೋಡುತ್ತದೆ, ಅದನ್ನು ನೋಡಿ ಮತ್ತೊಂದು ಬರುತ್ತದೆ.

ರಣಹದ್ದು ಕರು ಹೊತ್ತೊಯ್ಯುತ್ತದೆ ಅಂತ ಕೆಲವರು ಹೇಳುತ್ತಾರೆ. ಅದರ ಕಾಲುಗುರು ಮೊಂಡು, ಕರು ಎತ್ತುವ ಮಾತೆಲ್ಲಿ! ಕರು ಹಾಕಿದ ದನದ ಹತ್ತಿರ ಅದು ಕಾದು ಕೂತರೆ ಕಸ ಬೀಳಲಿ ಅಂತ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಲ್ಲಿ ಕಾಂಡೋರ್ ಎಂಬ ದೊಡ್ಡ ಹಕ್ಕಿ ಇದೆ, ಅಲ್ಲಿಯ ದನಗಾಹಿಗಳೂ ಅದರ ಮೇಲೆ ಇದೇ ದೂರು ಹೇಳುತ್ತಾರೆ. ಇನ್ನೊಂದು ಮಾತು. ಗದ್ದೆ ಮೇಲೆ ಹಾರುವ ಕೆಂಪು ಮೈ, ಬಿಳಿ ತಲೆಯ ಹಕ್ಕಿ ರಣಹದ್ದಲ್ಲ, ಅದು ಗರುಡ.

“ಈಗ ಎಲ್ಲಿದ್ದು ರಣಹದ್ದು?” ಅಂತಾರೆ ಅಜ್ಜ. ಭಾರತದಲ್ಲಿ 1992ರಲ್ಲಿ ಸಾವಿರ ಬಿಳಿಬೆನ್ನಿನ ರಣಹದ್ದು ಇದ್ದ ಕಡೆ 2007ರ ಹೊತ್ತಿಗೆ ಉಳಿದದ್ದು ಸುಮಾರು ಒಂದು. ಯಾರೂ ಬಂದೂಕು ಹಿಡಿದು ಹೊಡೆದದ್ದಲ್ಲ. ದನಕ್ಕೆ ನೋವು, ಬಾವು ಬಂದಾಗ ಡೈಕ್ಲೋಫೆನಾಕ್ ಎಂಬ ಇಂಜೆಕ್ಷನ್ ಕೊಡುತ್ತಿದ್ದರು. ಅದು ದನಕ್ಕೆ ಒಳ್ಳೆಯದೇ. ಆದರೆ ಇಂಜೆಕ್ಷನ್ ಆದ ಒಂದೆರಡು ದಿನದಲ್ಲಿ ದನ ಸತ್ತರೆ ಔಷಧ ಮಾಂಸದಲ್ಲೇ ಇರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2004ರಲ್ಲಿ ಇದನ್ನು ತೋರಿಸಿದರು.

ಎಲ್ಲ ಹೆಣದಲ್ಲೂ ವಿಷ ಇರಬೇಕೆಂದಿಲ್ಲ. ನೂರರಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿದ್ದರೂ ಇಷ್ಟು ನಾಶಕ್ಕೆ ಸಾಕು ಅಂತ ಲೆಕ್ಕ ಹಾಕಿದ್ದಾರೆ. ಯಾಕೆಂದರೆ ಒಂದೇ ಹೆಣಕ್ಕೆ ಹತ್ತಾರು ಹಕ್ಕಿ ಕೂರುತ್ತವೆ. ಹೋದದ್ದು ಬೇಗ ತುಂಬುವುದೂ ಇಲ್ಲ, ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.

2006ರಲ್ಲಿ ಸರಕಾರ ದನಗಳಿಗೆ ಈ ಔಷಧ ನಿಲ್ಲಿಸಿತು. ಆದರೂ ಮನುಷ್ಯರಿಗೆಂದು ಬರುವ ದೊಡ್ಡ ಸೀಸೆಯನ್ನೇ ತಂದು ದನಕ್ಕೆ ಚುಚ್ಚುವವರಿದ್ದರು, ಅದಕ್ಕೇ 2015ರಲ್ಲಿ ಆ ಸೀಸೆಯನ್ನು 3 ಮಿಲಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡನ್ನೂ ದನಗಳಿಗೆ ನಿಷೇಧಿಸಿದರು. ನಮ್ಮ ರಾಜ್ಯದಲ್ಲಿ ಬಂಡೀಪುರ, ನಾಗರಹೊಳೆ ಕಾಡಲ್ಲಿ ರಣಹದ್ದು ಇನ್ನೂ ಇವೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತಲೇ ಘೋಷಿಸಿದ್ದಾರೆ.

ದನಕ್ಕೆ ಬಾವು ಬಂದಾಗ ಮೆಲಾಕ್ಸಿಕಾಮ್ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಅದು ರಣಹದ್ದಿಗೆ ಅಪಾಯ ಮಾಡುವುದಿಲ್ಲ. ಸೀಸೆ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಒಳಗಿನ ಔಷಧದ ಹೆಸರೂ ಇರುತ್ತದೆ. ಮನೆಯಲ್ಲಿ ಹಿರಿಯರಿಗೆ ಕಣ್ಣು ಕಾಣದಿದ್ದರೆ ನಾವೇ ಓದಿ ಹೇಳಬಹುದು.