ಥಾರ್, ಜಿಮ್ನಿಗೆ 'ಬಾಡಿ ಲಿಫ್ಟ್' ಹಾಕಿಸುವ ಯೋಚನೆ ಇದೆಯೇ? ಮೊದಲು ಈ ಲೆಕ್ಕ, ಈ ಕಾನೂನು ತಿಳಿದುಕೊಳ್ಳಿ

ಹೈದರಾಬಾದ್‌ನ ಕೂಕಟ್‌ಪಲ್ಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ವಾರಾಂತ್ಯದ ಅನಂತಗಿರಿ ಬೆಟ್ಟವೂ ದೂರವಲ್ಲ, ಮುಂಬೈ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿದರೆ ಸಿಗುವ ಬೀದರ್ ಕೂಡ ದೂರವಲ್ಲ. ಥಾರ್, ಜಿಮ್ನಿಯಂತಹ ಗಾಡಿ ಕೊಂಡವರಿಗೆ ಸ್ವಲ್ಪ ದಿನದಲ್ಲೇ ಒಂದು ಆಸೆ ಹುಟ್ಟುತ್ತದೆ: 'ಒಂದು ಇಂಚು ಎತ್ತರಿಸಿದರೆ ಹೇಗೆ?' ಇದಕ್ಕೆ ಕಡಿಮೆ ಖರ್ಚಿನ ದಾರಿ ಎಂದು ಹೇಳುವುದೇ ಬಾಡಿ ಲಿಫ್ಟ್. ಆದರೆ ಅದರಿಂದ ಸಿಗುವುದೇನು, ಕಳೆದುಕೊಳ್ಳುವುದೇನು?

ಬಾಡಿ ಲಿಫ್ಟ್ ಎಂದರೇನು?

ಥಾರ್, ಜಿಮ್ನಿ, ಹಳೆಯ ಜಿಪ್ಸಿ, ಬೊಲೆರೊಗಳಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಎರಡನ್ನೂ ರಬ್ಬರ್ ಬುಷ್ ಮತ್ತು ಬೋಲ್ಟ್‌ಗಳಿಂದ ಜೋಡಿಸಿರುತ್ತಾರೆ. ಈ ಜಾಗಗಳಲ್ಲಿ ಗಟ್ಟಿ ಸ್ಪೇಸರ್ ಇಟ್ಟು, ಉದ್ದದ ಬೋಲ್ಟ್ ಹಾಕಿ ಬಾಡಿಯನ್ನು ಮೇಲೆತ್ತುವುದೇ ಬಾಡಿ ಲಿಫ್ಟ್. 25 ಮಿ.ಮೀ. ಅಂದರೆ ಸುಮಾರು ಒಂದು ಇಂಚಿನದ್ದು ಸೌಮ್ಯ ಲಿಫ್ಟ್. ಚಾಸಿಯೇ ಇಲ್ಲದ ಮೊನೊಕಾಕ್ ಕಾರುಗಳಿಗೆ ಇದು ಆಗುವುದಿಲ್ಲ.

ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚುತ್ತದೆಯೇ?

ಇಲ್ಲ. ಹಲವರು ಎಡವುವುದು ಇಲ್ಲೇ. ಮೇಲೇರುವುದು ಬಾಡಿ ಮಾತ್ರ. ಆಕ್ಸಲ್, ಡಿಫರೆನ್ಶಿಯಲ್, ಚಾಸಿ ಇದ್ದಲ್ಲೇ ಇರುತ್ತವೆ. ನಿನ್ನೆ ತಾಗುತ್ತಿದ್ದ ಕಲ್ಲು ನಾಳೆಯೂ ತಾಗುತ್ತದೆ. ಸಿಗುವ ಲಾಭವೆಂದರೆ ಚಕ್ರದ ಮೇಲಿನ ಜಾಗ. ಅಲ್ಲಿ ದೊಡ್ಡ ಟೈರ್ ಕೂರಿಸಿದರೆ ಮಾತ್ರ ಗಾಡಿ ನಿಜವಾಗಿ ನೆಲದಿಂದ ಮೇಲೇರುತ್ತದೆ.

ಜಿಮ್ನಿಯ ಲೆಕ್ಕ ನೋಡಿ. ಕಂಪನಿ ಕೊಡುವ 195/80 ಆರ್15 ಟೈರ್‌ನ ವ್ಯಾಸ 693 ಮಿ.ಮೀ. 235/75 ಆರ್15 ಟೈರ್‌ನದ್ದು ಸುಮಾರು 733 ಮಿ.ಮೀ. ವ್ಯತ್ಯಾಸ 40 ಮಿ.ಮೀ. ಆದರೂ ಆಕ್ಸಲ್ ಏರುವುದು ಅದರ ಅರ್ಧ, ಅಂದರೆ 20 ಮಿ.ಮೀ. ಮಾತ್ರ. 210 ಮಿ.ಮೀ. ಇದ್ದ ಕ್ಲಿಯರೆನ್ಸ್ 230ರ ಆಸುಪಾಸಿಗೆ ಬರುತ್ತದೆ. ಇದಕ್ಕೆ ಪ್ರತಿಯಾಗಿ ಪಿಕಪ್ ತಗ್ಗುತ್ತದೆ, ಮೈಲೇಜ್ ಇಳಿಯುತ್ತದೆ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 6% ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಕೆಲಸದಲ್ಲಿ ಎಲ್ಲಿ ಎಚ್ಚರ ಬೇಕು?

* ಸ್ಟೀರಿಂಗ್ ಶಾಫ್ಟ್: ಸ್ಟೀರಿಂಗ್ ಕಾಲಂ ಬಾಡಿಯಲ್ಲಿ, ಸ್ಟೀರಿಂಗ್ ಬಾಕ್ಸ್ ಚಾಸಿಯಲ್ಲಿ. ಬಾಡಿ ಎತ್ತಿದಾಗ ನಡುವಿನ ಶಾಫ್ಟ್ ಹಿಗ್ಗುತ್ತದೆ. ಅದರ ಹಿಡಿತ ಕಡಿಮೆಯಾದರೆ ಓಡುವ ಗಾಡಿಯಲ್ಲಿ ಸ್ಟೀರಿಂಗ್ ಕೈಕೊಡಬಹುದು. ಮೊದಲು ನೋಡಬೇಕಾದ್ದು ಇದನ್ನೇ.
* ಬ್ರೇಕ್ ಪೈಪ್, ವೈರಿಂಗ್: ಬಾಡಿ ಮತ್ತು ಚಾಸಿ ನಡುವಿನ ಪೈಪ್, ಡೀಸೆಲ್ ಅಥವಾ ಪೆಟ್ರೋಲ್ ತುಂಬುವ ಕೊಳವೆ, ಅರ್ಥಿಂಗ್ ವೈರ್ ಯಾವುದೂ ಬಿಗಿದು ಎಳೆಯಬಾರದು.
* ರೇಡಿಯೇಟರ್: ಇದು ಬಾಡಿಯೊಂದಿಗೆ ಮೇಲೇರಿ ಫ್ಯಾನ್ ಎಂಜಿನ್‌ನಲ್ಲೇ ಉಳಿಯುವ ಗಾಡಿಗಳಲ್ಲಿ, ಫ್ಯಾನ್ ಸುತ್ತಲಿನ ಕವಚಕ್ಕೆ ತಾಗುತ್ತದೆ.
* ಗೇರ್ ಲಿವರ್: ನೆಲಹಾಸು ಮೇಲೇರಿದ್ದರಿಂದ ಗೇರ್ ಮತ್ತು 4x4 ಲಿವರ್ ಪೂರ್ತಿ ಬೀಳುತ್ತವೆಯೇ ಎಂದು ನೋಡಬೇಕು.
* ಬೋಲ್ಟ್: ಹೈ ಟೆನ್ಸೈಲ್ ಬೋಲ್ಟ್ ಮಾತ್ರ ಬಳಸಿ, ಟಾರ್ಕ್ ರೆಂಚ್‌ನಿಂದ ಬಿಗಿಸಬೇಕು. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಪರೀಕ್ಷಿಸಬೇಕು.

ಕಾನೂನು ಏನು ಹೇಳುತ್ತದೆ?

ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಇದು ಕೇಂದ್ರದ ಕಾಯ್ದೆ. ಹಾಗಾಗಿ ಗಾಡಿಯ ನಂಬರ್ ಕರ್ನಾಟಕದ್ದಾದರೂ ತೆಲಂಗಾಣದ್ದಾದರೂ ನಿಯಮ ಒಂದೇ. ಅಪಘಾತವಾದಾಗ ವಿಮೆ ಕಂಪನಿ ಮಾರ್ಪಾಡಿನ ಕಾರಣ ಮುಂದಿಟ್ಟು ಕ್ಲೇಮ್‌ಗೆ ತಕರಾರು ತೆಗೆಯಬಹುದು. ವಾರಂಟಿಗೂ ತೊಡಕಾಗಬಹುದು.

ಹಾಗಾದರೆ ಏನು ಮಾಡಬೇಕು?

ಬೀದರ್ ರಸ್ತೆಗೂ ಬೆಟ್ಟದ ಮಣ್ಣುದಾರಿಗೂ ಜಿಮ್ನಿಯ 210 ಮಿ.ಮೀ., 2020ರ ಥಾರ್‌ನ 226 ಮಿ.ಮೀ. ಸಾಮಾನ್ಯವಾಗಿ ಸಾಕು. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿಸಿ, ಕೆಳಭಾಗದ ರಕ್ಷಣಾ ತಗಡು ಗಟ್ಟಿ ಇದೆಯೇ ನೋಡಿ. ಅಷ್ಟಾಗಿಯೂ ಲಿಫ್ಟ್ ಬೇಕೆನಿಸಿದರೆ ಗ್ಯಾರೇಜ್‌ಗೆ ಹೋಗುವ ಮೊದಲು ಆರ್‌ಟಿಒ ಮತ್ತು ವಿಮೆ ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.