ಬೆಟ್ಟದ ಮಣ್ಣಿನ ತಣ್ಣನೆಯ ಉಸಿರು

ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯಿಂದ, ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನಿಂದ. ಚಿಮಣಿಯ ಹೊಗೆ ಊರಿಗೆಲ್ಲ ಕಾಣುತ್ತಿತ್ತು. ಅದಿರು ಕೊಟ್ಟ ಬೆಟ್ಟವೂ ಆಗ ಇಂಗಾಲದ ಡೈಆಕ್ಸೈಡ್ ಬಿಡುತ್ತಿತ್ತು, ಈಗಲೂ ಬಿಡುತ್ತಿದೆ. ಯಾರ ಕಣ್ಣಿಗೂ ಬಿದ್ದಿಲ್ಲ, ಅಷ್ಟೆ.

ಮಣ್ಣು ಉಸಿರಾಡುತ್ತದೆ ಎಂಬುದು ಬರೀ ಅಲಂಕಾರದ ಮಾತಲ್ಲ. ಬೇರುಗಳು ಉಸಿರಾಡುತ್ತವೆ, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ದರಗು, ಸತ್ತ ಬೇರುಗಳನ್ನು ತಿಂದು ಅದೇ ಅನಿಲವನ್ನು ಹೊರಬಿಡುತ್ತವೆ. ನೆಲದ ಮೇಲೆ ಒಂದು ಡಬ್ಬಿಯನ್ನು ಬೋರಲು ಹಾಕಿ, ಒಳಗೆ ಅನಿಲ ಎಷ್ಟು ಬೇಗ ಏರುತ್ತದೆಂದು ನೋಡಿದರೆ ಈ ಉಸಿರಿನ ಲೆಕ್ಕ ಸಿಗುತ್ತದೆ. ಭೂಮಿಯ ಎಲ್ಲ ಮಣ್ಣೂ ಸೇರಿ ಬಿಡುವುದು ಮನುಷ್ಯರು ಕಲ್ಲಿದ್ದಲು, ತೈಲ ಉರಿಸಿ ಬಿಡುವುದಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗೆಂದು ಚಿಮಣಿ ನಿರಪರಾಧಿಯಾಗುವುದಿಲ್ಲ. ಮಣ್ಣು ಬಿಟ್ಟದ್ದನ್ನು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಹಸಿರು ಹೀರಿಕೊಳ್ಳುತ್ತದೆ. ಕಲ್ಲಿದ್ದಲಿನದು ಈ ಜಮಾಖರ್ಚಿಗೆ ಹೊರಗಿನಿಂದ ಬಂದ ಇಂಗಾಲ.

ಬೆಟ್ಟದ ವಿಶೇಷ ಅದರ ತಂಪು. ಭದ್ರಾವತಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕೆಮ್ಮಣ್ಣುಗುಂಡಿ 1,400 ಮೀಟರ್ ದಾಟಿದೆ. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಾಪ ಇಳಿಯುವುದರಿಂದ ಇವೆರಡರ ನಡುವೆ ಐದು ಡಿಗ್ರಿ ಅಂತರ. ಹತ್ತು ಡಿಗ್ರಿ ಏರಿದರೆ ಮಣ್ಣಿನ ಉಸಿರು ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮ ಹಿಡಿದರೆ, ತೇವ, ತಿನಿಸು ಒಂದೇ ಇದ್ದಾಗ ಭದ್ರಾವತಿಯ ಮಣ್ಣು ಬೆಟ್ಟದ್ದಕ್ಕಿಂತ ಶೇ 40ರಷ್ಟು ಹೆಚ್ಚು ಉಸಿರು ಬಿಡಬೇಕು. ಮೇಲೆ ಕೊಳೆಯುವ ಕೆಲಸ ನಿಧಾನ, ಇಂಗಾಲ ಮಣ್ಣಿನಲ್ಲೇ ಉಳಿಯುತ್ತದೆ. ಶೋಲಾ ಕಾಡಿನ ನೆಲ ಕಪ್ಪಾಗಿರುವುದರಲ್ಲಿ ಇದರ ಪಾಲಿದೆ. ಅಪಾಯವೂ ಅಲ್ಲೇ: ತಂಪು ಕಾಪಾಡಿದ್ದನ್ನು ಸೆಕೆ ಕರಗಿಸಬಲ್ಲದು.

ತಾಪ ಒಂದೇ ಆಟಗಾರನಲ್ಲ. ಜಡಿಮಳೆಯಲ್ಲಿ ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದರೆ ಗಾಳಿಯಾಡದೆ ಉಸಿರು ಕುಗ್ಗುತ್ತದೆ. ಬೇಸಿಗೆಯಲ್ಲಿ ತೇವವಿಲ್ಲದೆ ಕುಗ್ಗುತ್ತದೆ. ಸ್ವಾರಸ್ಯವಿರುವುದು ನಡುವಿನ ದಿನಗಳಲ್ಲಿ. ಒಣಗಿ ಬಿರಿದ ನೆಲಕ್ಕೆ ಮೊದಲ ಮಳೆ ಬಿದ್ದ ಕೆಲ ಗಂಟೆಗಳಲ್ಲೇ ಅನಿಲ ಭುಗ್ಗನೆ ಏಳುತ್ತದೆ. ಪೂರ್ವ ಆಫ್ರಿಕದ ಮಣ್ಣಿನಲ್ಲಿ ಇದನ್ನು 1950ರ ದಶಕದಲ್ಲಿ ವಿವರವಾಗಿ ಅಳೆದ ಬರ್ಚ್ ಎಂಬ ವಿಜ್ಞಾನಿಯ ಹೆಸರೇ ಆ ವಿದ್ಯಮಾನಕ್ಕೆ ಅಂಟಿದೆ. ಬೇಸಿಗೆಯಲ್ಲಿ ಸತ್ತ ಸೂಕ್ಷ್ಮಜೀವಿಗಳೂ ಹೆಂಟೆಯೊಳಗೆ ಸಿಕ್ಕಿಬಿದ್ದ ಸಾವಯವ ಪದಾರ್ಥವೂ ಬದುಕುಳಿದವಕ್ಕೆ ದಿಢೀರ್ ಔತಣ.

ಹೊಸನಗರ, ತೀರ್ಥಹಳ್ಳಿ ಕಡೆಯ ರೈತರು ಸೊಪ್ಪಿನಬೆಟ್ಟದಿಂದ ದರಗು ಗುಡಿಸಿ ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ಅಡಿಕೆ ತೋಟಕ್ಕೆ ಹಾಕುತ್ತಾರೆ. ಬೆಟ್ಟದಲ್ಲಿ ಹೊರಬೀಳಬೇಕಿದ್ದ ಉಸಿರಿನಲ್ಲಿ ಒಂದು ಪಾಲು ತೋಟದಲ್ಲಿ ಹೊರಬೀಳುತ್ತದೆ. ಡಬ್ಬಿಯನ್ನು ಬೆಟ್ಟದಲ್ಲಷ್ಟೇ ಇಟ್ಟರೆ ಲೆಕ್ಕ ತಪ್ಪುತ್ತದೆ.

ಕೊಡಚಾದ್ರಿ, ಕುದುರೆಮುಖದ ಹುಲ್ಲುಗಾವಲಿನದು ಇನ್ನೊಂದು ಕತೆ. ಅಲ್ಲಿ ಮರಗಳ ದೊಡ್ಡ ಕಾಂಡಗಳಿಲ್ಲ. ಇಂಗಾಲದ ಬಹುಪಾಲು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿ. ಬೆಂಕಿ ಬಿದ್ದರೂ ಆ ಗಂಟು ಹೆಚ್ಚಿನಂಶ ಉಳಿಯುತ್ತದೆ. ಅಂಥ ನೆಲವನ್ನು ‘ಖಾಲಿ ಜಾಗ’ ಎಂದು ಬಗೆದು ಗುಂಡಿ ತೋಡಿ ಸಸಿ ನೆಡುವುದು ಅಷ್ಟು ಸರಳ ಲಾಭವಲ್ಲ. ಅಗೆದ ಮಣ್ಣಿಗೆ ಗಾಳಿ ತಾಗಿ, ಸೂಕ್ಷ್ಮಜೀವಿಗಳು ಚುರುಕಾಗಿ, ಹಳೆಯ ಇಂಗಾಲ ಹೊರಬೀಳುತ್ತದೆ. ಮಲೆನಾಡಿನಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ ತೋಪುಗಳ ಚರ್ಚೆಯಲ್ಲಿ ನೀರು, ಮೇವು, ಕಾಡುಪ್ರಾಣಿಗಳ ಪ್ರಸ್ತಾಪ ಬಂದಷ್ಟು ಮಣ್ಣಿನದು ಬಂದಿಲ್ಲ. ಮರದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಬಹುದು. ಮಣ್ಣಿನ ಇಂಗಾಲಕ್ಕೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಹೋಗಬೇಕು, ಉಸಿರಿಗಂತೂ ಮಳೆಗಾಲ ಬೇಸಿಗೆಯೆನ್ನದೆ ಬೆಟ್ಟ ಹತ್ತುತ್ತಲೇ ಇರಬೇಕು.